ಉಪ್ಪಿನ ನೆಲದಲ್ಲಿ ಮುಂದೆ ನಡೆದವರು

ಮೊನ್ನೆ ಊರಿನಿಂದ ದೋಹಾಕ್ಕೆ ಬಂದ ಪಾರ್ಸೆಲಿನಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆ ಸೋರಿ, ಹಪ್ಪಳಕ್ಕೂ ಬಟ್ಟೆಗೂ ಅದರ ಘಾಟು ಹತ್ತಿಬಿಟ್ಟಿತ್ತು. ಒಡೆದ ಹಿಮ್ಮಡಿಗೆಂದು ನನ್ನ ಹೆಂಡತಿ ತರಿಸಿದ್ದು. ಬಾಟಲಿಯನ್ನು ಬಾಲ್ಕನಿಯಲ್ಲಿಟ್ಟು ಬಾಗಿಲು ಹಾಕಿದೆ. ಆದರೆ ಆ ಘಾಟಿನ ಜೊತೆ ಕಾಕನ ನೆನಪು ಆಗಲೇ ಒಳಗೆ ಬಂದಾಗಿತ್ತು...

ಅದು ತೊಂಬತ್ತರ ದಶಕ. ಗಡಿ ತಕರಾರು ಮುಗಿದು, ದಕ್ಷಿಣದ ಮರಳುಗಾಡಿನ ಒಂದು ತುಂಡು ಹೊಸದಾಗಿ ಇಲ್ಲಿನ ಸರಕಾರದ ಕೈಗೆ ಬಂದಿತ್ತು. ಅಲ್ಲಿ ಏನುಂಟು, ಎಲ್ಲಿ ರಸ್ತೆ ಹಾಕಬಹುದು ಎಂದು ನೋಡಿಬರಲು ಒಂದು ತಂಡ ಹೊರಟಿತು. ಕೆಲಸ ಸಿಕ್ಕಿದ್ದು ದೋಹಾದ ಮುಶೈರಿಬ್ ಪೇಟೆಯಲ್ಲಿದ್ದ ನಮ್ಮ ಸರ್ವೇ ಕಂಪನಿಗೆ. ನಾನು ಟೈಪಿಸ್ಟ್, ದಿನದ ವರದಿ ಬರೆಯಲು ಹೋದವನು. ವಯಸ್ಸಿನಲ್ಲಿ ಹಿರಿಯರೆಂದು ನಾವು ಕಾಕ ಎನ್ನುತ್ತಿದ್ದವರು ಹೆಲ್ಪರ್. ಚಹಾ ಮಾಡಬೇಕು, ಗೂಟ ಹೊರಬೇಕು. ಮಂಗಳೂರಿನ ಕೂಳೂರು ಹೊಳೆಯ ಕೆಸರಿನಲ್ಲಿ ಮರುವಾಯಿ ಚಿಪ್ಪು ಹೆಕ್ಕುತ್ತ ಬೆಳೆದ ಬ್ಯಾರಿ ಮುಸಲ್ಮಾನರು ಅವರು. ಊರಿನಲ್ಲಿ ಕ್ರಿಸ್ತುವರನ್ನು ಕರೆಯುವಂತೆ ನನ್ನನ್ನು ‘ಪೊರ್ಬುಗಳೇ’ ಎನ್ನುತ್ತಿದ್ದರು.

ಅಲ್ಲಿನ ನೆಲಕ್ಕೆ ಸಬ್ಖಾ ಎನ್ನುತ್ತಾರೆ. ಮೇಲೆ ಹಪ್ಪಳದಂಥ ಉಪ್ಪಿನ ಪದರ, ಕೆಳಗೆ ಕೆಸರು. ಮೊದಲ ದಿನವೇ ಮುಂದಿನ ಗಾಡಿ ಆಕ್ಸಲ್‌ವರೆಗೆ ಹೂತುಹೋಯಿತು. ನಮ್ಮ ಚೀಫ್ ಸರ್ವೇಯರ್ ಎಂಬ ಮಹಾನುಭಾವ ನಕ್ಷೆ ಬಿಡಿಸಿಕೊಂಡು ನಿಂತುಬಿಟ್ಟ. ಕಾಕ ಚಪ್ಪಲಿ ಬಿಟ್ಟು, ಒಂದು ಕೋಲು ಹಿಡಿದು, ಉಪ್ಪಿನ ಮೇಲೆ ಮೆಲ್ಲಗೆ ನಡೆಯತೊಡಗಿದರು. ಬೂಟು ಹಾಕಿಕೊಳ್ಳಿ ಎಂದೆ.

“ಬೂಟಿಗೆ ಎಂತ ಗೊತ್ತಾಗ್ತದೆ ಪೊರ್ಬುಗಳೇ? ಕಾಲಿಗೆ ಗೊತ್ತಾಗ್ತದೆ.”

ಅಂದಿನಿಂದ ಪ್ರತಿದಿನ ಅವರು ಬರಿಗಾಲಲ್ಲಿ ಮುಂದೆ, ನಮ್ಮ ಗಾಡಿಗಳು ಹಿಂದೆ. ಗಟ್ಟಿ ನೆಲ ಸಿಕ್ಕಲ್ಲಿ ಗೂಟ ನೆಟ್ಟು ಬಟ್ಟೆಯ ಚೂರು ಕಟ್ಟುತ್ತಿದ್ದರು. ಆಮೇಲೆ ಒಂದು ಗಾಡಿಯೂ ಹೂತುಹೋಗಲಿಲ್ಲ. ಹಾಳಾದದ್ದು ಅವರ ಪಾದ. ಉಪ್ಪುನೀರು ತಿಂದು ಹಿಮ್ಮಡಿ ಬಿರಿದು ಹುಣ್ಣಾಯಿತು. ಸಂಜೆ ಟೆಂಟಿನಲ್ಲಿ ಇದೇ ಗೇರುಸಿಪ್ಪೆಯ ಎಣ್ಣೆ ಹಚ್ಚಿಕೊಂಡು, ಉರಿಗೆ ಹಲ್ಲು ಕಚ್ಚಿ ಕೂರುತ್ತಿದ್ದರು...

‘ದಾರಿಯನ್ನು ಹೆಲ್ಪರ್ ನಡೆದು ಪರೀಕ್ಷಿಸಿದ’ ಎಂದು ನಾನು ದಿನವೂ ಬರೆದಿದ್ದೆ. ದೋಹಾಕ್ಕೆ ಮರಳಿದ ಮೇಲೆ ಚೀಫ್ ಆ ಸಾಲುಗಳನ್ನೆಲ್ಲ ಹೊಡೆದುಹಾಕಿ, ‘ವಾಹನದಿಂದ ಪರೀಕ್ಷಿಸಲಾಗಿದೆ’ ಎಂದು ಟೈಪ್ ಮಾಡಲು ಹೇಳಿದ. ಒಬ್ಬ ಚಹಾದವನು ದಾರಿ ತೋರಿಸಿದ ಎಂದರೆ ಸರಕಾರದ ಮುಂದೆ ಚೀಫ್‌ನ ಮರ್ಯಾದೆ ಏನಾಗಬೇಕು? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ! ಆ ಮನುಷ್ಯನ ಮುಖ ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಆದರೆ ಟೈಪ್ ಮಾಡಿದವನು ನಾನೇ.

ಕಾಕನ ಹುಣ್ಣು ಕೀವಾಯಿತು. ಚಿಕಿತ್ಸೆ ಕೊಡಿಸಿ, ವಾಸಿಯಾಗುವವರೆಗೆ ಆಫೀಸಿನಲ್ಲೇ ಕೂರುವ ಕೆಲಸ ಕೊಡಿ ಎಂದು ಅವರು ಕೇಳಿದರು. ಕಂಪನಿಯವರು ವರದಿ ತೆಗೆದು ನೋಡಿದರು. ಅದರಲ್ಲಿ ಯಾರೂ ನಡೆದೇ ಇರಲಿಲ್ಲ! ಇದು ಕೆಲಸದಿಂದ ಬಂದದ್ದಲ್ಲ, ಆಳು ಅನ್‌ಫಿಟ್, ಖಲಾಸ್, ಊರಿಗೆ ಕಳಿಸಿ ಎಂದರು.

ಕಾಕ ಕುಂಟುತ್ತ ನನ್ನ ಮೇಜಿನ ಹತ್ತಿರ ಬಂದರು. ನೀವು ಕಣ್ಣಾರೆ ನೋಡಿದ್ದೀರಿ, ಒಂದು ಸಾಲು ಬರೆದು ಸಹಿ ಹಾಕಿ ಕೊಡಿ ಎಂದರು. ಆಗ ನನ್ನ ಹೆಂಡತಿಯ ವೀಸಾದ ಅರ್ಜಿ ಅದೇ ಚೀಫ್‌ನ ಸಹಿಗೆ ಕಾಯುತ್ತಿತ್ತು.

“ನೋಡುವ ಕಾಕ,” ಎಂದೆ.

ನಮ್ಮೂರಿನ ‘ನೋಡುವ’ ಎಂದರೆ ‘ಆಗುವುದಿಲ್ಲ’ ಎಂದೇ ಅರ್ಥವೆಂದು ಅವರಿಗೆ ಗೊತ್ತಿತ್ತು. ಮತ್ತೆ ಕೇಳಲಿಲ್ಲ. ಊರಿಗೆ ಹೊರಟ ದಿನ ಪಾದಕ್ಕೆ ಬಟ್ಟೆ ಸುತ್ತಿಕೊಂಡು ಬಂದು, ಒಂದೇ ಮಾತು ಹೇಳಿ ಹೋದರು.

“ಅವರನ್ನು ಅಲ್ಲೇ ಹೂತುಹೋಗ್ಲಿಕ್ಕೆ ಬಿಡ್ಬೇಕಿತ್ತು. ಆದ್ರೆ ಹಿಂದಿನ ಗಾಡಿಯಲ್ಲಿ ನೀವಿದ್ರಿ, ಪೊರ್ಬುಗಳೇ.”

ಊರಿನಲ್ಲಿ ಅವರ ಒಂದು ಕಾಲು ತೆಗೆಯಬೇಕಾಯಿತಂತೆ. ಕೆಲವು ವರ್ಷಗಳ ಮೇಲೆ ತೀರಿಕೊಂಡರು ಎಂದು ಯಾರೋ ಹೇಳಿದರು... ಯಾರು ಎಂಬುದೂ ಈಗ ನೆನಪಿಲ್ಲ.

ಆ ವರದಿಯ ಒಂದು ಪ್ರತಿ ನನ್ನ ಕಪಾಟಿನಲ್ಲಿದೆ. ಮೊನ್ನೆ ತೆಗೆದು ನೋಡಿದೆ. ಕೊನೆಯ ಪುಟದ ಮೂಲೆಯಲ್ಲಿ, ಆಫೀಸಿನ ಪದ್ಧತಿಯಂತೆ, ಬರೆಸಿದವನ ಇನಿಶಿಯಲ್ ದೊಡ್ಡಕ್ಷರದಲ್ಲಿ, ಪಕ್ಕದಲ್ಲಿ ಟೈಪಿಸ್ಟನದು ಸಣ್ಣಕ್ಷರದಲ್ಲಿ. ಚೀಫ್ ಇದ್ದಾನೆ, ನಾನಿದ್ದೇನೆ. ಕಾಕ ಎಲ್ಲೂ ಇಲ್ಲ. ಇಷ್ಟು ವರ್ಷ ಚೀಫ್‌ನನ್ನು ಬೈಯುತ್ತ ಬಂದೆ. ಬೈಯಬೇಕಾದವನು ದಿನಾ ಕನ್ನಡಿಯಲ್ಲಿ ಸಿಗುತ್ತಿದ್ದ.

ಹೆಂಡತಿ ಬಾಲ್ಕನಿಯಿಂದ ಬಾಟಲಿ ತಂದು, ತನ್ನ ಹಿಮ್ಮಡಿಗೆ ಹಚ್ಚಿಕೊಂಡು, ನನ್ನದನ್ನೂ ಮುಟ್ಟಿ ನೋಡಿದಳು.

“ನಿಮಗೆ ಎಣ್ಣೆ ಎಂತಕ್ಕೆ?” ಎಂದಳು. “ಒಂದು ಗೀರೂ ಇಲ್ಲ.”