ಅತ್ತೆಯ ಹೊನ್ನೆ ತೊಲೆ

ನನ್ನ ಸೋದರತ್ತೆ ಹಟಮಾರಿ. ಇದನ್ನು ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ. ಅರವತ್ತರ ದಶಕದಲ್ಲಿ ಹೊನ್ನೆಮರಡಿನ ಹತ್ತಿರವಿದ್ದ ಅವಳ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದಾಗ, ಗಂಡನಿಲ್ಲದ ಅವಳು ಯಾರ ಹಂಗಿಗೂ ಬೀಳದೆ ಸಾಗರದ ಪೇಟೆಗೆ ಬಂದು, ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ಖಾನಾವಳಿ ತೆರೆದಳು. ಹೈಸ್ಕೂಲಿನಲ್ಲಿ ಟೀಚರಾಗಿದ್ದ ನಾನೂ ಅವಳ ಜೊತೆಗಿದ್ದೆ. ಆ ಮಹಡಿಯನ್ನು ಅವಳು ಯಾವತ್ತೂ ಮನೆ ಎನ್ನಲಿಲ್ಲ, ಬಿಡಾರ ಎನ್ನುತ್ತಿದ್ದಳು. ಮುಳುಗುವ ಮೊದಲು ಬಿಚ್ಚಿ ತಂದ ನಡುಮನೆಯ ಹೊನ್ನೆ ತೊಲೆ ಅವಳ ತವರಾದ ನಿಟ್ಟೂರಿನ ನಮ್ಮ ಮನೆಯ ಕೊಟ್ಟಿಗೆಯಲ್ಲಿತ್ತು. ಮುಂದೆ ಮನೆ ಕಟ್ಟುವುದು ಅದರ ಮೇಲೆಯೇ ಎಂದು, ಹೋದಾಗಲೆಲ್ಲ ಅದಕ್ಕೆ ಹುಳ ಹಿಡಿಯದಂತೆ ಗೇರೆಣ್ಣೆ ಬಳಿದು ಬರುತ್ತಿದ್ದಳು.

ಮಹಡಿಯದು ಹಲಗೆಯ ನೆಲ. ಎಲೆ ತೆಗೆದು ತೊಳೆದಾಗಲೆಲ್ಲ ನೀರು ಸಂದಿಯಲ್ಲಿಳಿದು ಕೆಳಗಿನ ಸೀರೆಗಳ ಮೇಲೆ ತೊಟ್ಟಿಕ್ಕುತ್ತಿತ್ತು. ಅಂಗಡಿಯ ಸಾಹುಕಾರರೇ ಕಟ್ಟಡದ ಯಜಮಾನರು, ಸಾಧು ಮನುಷ್ಯ. ಆದರೂ ಎಷ್ಟು ದಿನ ತಡೆದಾರು? ಮಳೆಗಾಲದೊಳಗೆ ನೆಲ ಸರಿಮಾಡಿ, ಇಲ್ಲವೇ ಖಾಲಿ ಮಾಡಿ ಎಂದರು.

ಕಲ್ಲು ಹಾಸೋಣ ಎಂದಳು ಅತ್ತೆ. ಊರಿನಲ್ಲಿ ಮಣ್ಣಿನ ನೆಲ ಮಾಡಿ ಅಭ್ಯಾಸವಿದ್ದವರು ನಾವು, ಬಡಿದಷ್ಟೂ ಗಟ್ಟಿ ಎಂದು ನಂಬಿದವರು. ಹಲಗೆಯ ಮೇಲೆ ಗಾರೆ ಹರಡಿ, ಹಳೆಯ ಹಾಡು ಹೇಳಿಕೊಂಡು, ಮರದ ಪೆಟ್ಟುಮಣೆಯಿಂದ ದಬದಬ ಬಡಿದೆವು. ಕಡಪದ ಕಲ್ಲನ್ನೂ ಕೂರಿಸಿದೆವು. ಕೆಳಗಿರುವುದು ಮಣ್ಣಲ್ಲ, ಬಟ್ಟೆ ಅಂಗಡಿ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ. ನಾವು ಬಡಿದ ರಭಸಕ್ಕೆ ಹಲಗೆಯ ಮೊಳೆಗಳೆಲ್ಲ ಸಡಿಲಾಗಿದ್ದವು. ಊಟಕ್ಕೆ ಪಂಕ್ತಿ ಕೂತಾಗ ನೆಲ ತೂಗಿತು, ಕಲ್ಲು ಸಾಲಾಗಿ ಬಿರಿಯಿತು. ನನಗೆ ಅಳುವೇ ಬಂತು. ಅತ್ತೆ ಮಾತ್ರ ಒಡೆದ ಕಲ್ಲನ್ನೆಲ್ಲ ಆರಿಸಿಟ್ಟು ತೀರ್ಥಹಳ್ಳಿಯಿಂದ ಬಡಗಿಯನ್ನು ಕರೆಸಿದಳು.

ನೆಲ ಎಲ್ಲಿ ಅದುರುತ್ತದೆಂದು ನೋಡಬೇಕು, ಯಾರಾದರೂ ಮೇಲೆ ಕುಣಿಯಿರಿ ಎಂದನು ಬಡಗಿ. ಅತ್ತೆ ಸೆರಗು ಬಿಗಿದು, ಗೋಣಿಚೀಲ ಹಾಸಿ, ಒನಕೆ ಹಿಡಿದು ಮೂಲೆಮೂಲೆಗೂ ಭತ್ತ ಕುಟ್ಟುವವಳಂತೆ ಕುಟ್ಟಿದಳು. ಕೆಳಗೆ ಸಾಹುಕಾರರು ಕೊಡೆ ಬಿಡಿಸಿಕೊಂಡು, ದೂಳು ಉದುರಿದ ಕಡೆಯೆಲ್ಲ ಬೆರಳು ತೋರಿಸುತ್ತಿದ್ದರು. ಬಡಗಿ ಅಲ್ಲಲ್ಲಿ ಸೀಮೆಸುಣ್ಣದ ಗುರುತು ಹಾಕಿದನು. ಹಳೆಯ ಜಂತಿಗಳ ನಡುವೆ ಹೊಸ ಜಂತಿ, ಹಲಗೆಯ ಮೇಲೆ ಅಡ್ಡವಾಗಿ ಇನ್ನೊಂದು ಹಲಗೆ, ಇವಕ್ಕೆಲ್ಲ ಮರ ಸಿಕ್ಕಿತು. ಆದರೆ ನಡುವೆ ಕಂಬ ನಿಲ್ಲಿಸದೆ ಗೋಡೆಯಿಂದ ಗೋಡೆಗೆ ಹೊರುವ ತೊಲೆಯೊಂದು ಬೇಕಿತ್ತು. ಅಂಥದ್ದು ಪೇಟೆಯಲ್ಲೆಲ್ಲೂ ಸಿಗಲಿಲ್ಲ. ಮೋಡ ಆಗಲೇ ಕಟ್ಟುತ್ತಿತ್ತು.

ಮರುದಿನ ಬೆಳಿಗ್ಗೆ ಅತ್ತೆ ನಿಟ್ಟೂರಿಗೆ ಗಾಡಿ ಕಳಿಸಿದಳು.

ತೊಲೆ ಬಂತು. ಬೇಕಾದದ್ದಕ್ಕಿಂತ ಎರಡು ಮೊಳ ಉದ್ದವೇ ಇತ್ತು. ಕತ್ತರಿಸಿದರೆ ಮುಂದೆ ಮನೆಯ ನಡುತೊಲೆಯಾಗಲು ಸಾಲದು ಎಂದು ಬಡಗಿ ಗರಗಸ ಹಿಡಿದೇ ನಿಂತನು. ನಡುಭಾಗದಲ್ಲಿ ತೊಟ್ಟಿಲ ಹಗ್ಗ ಸವೆಸಿದ ಎರಡು ಗೆರೆಗಳಿದ್ದವು. ಅತ್ತೆ ಅವುಗಳ ಮೇಲೆ ಕೈಯಾಡಿಸಿದಳು.

"ಕೊಯ್ಯಪ್ಪ. ಕೊಟ್ಟಿಗೇಲಿ ಮಲಗಿ ಅದಕ್ಕೂ ಸಾಕಾಗಿರ್ತದೆ. ಆ ಗೆರೆ ಮಾತ್ರ ಹೆರೀಬೇಡ" ಎಂದಳು.

ನನಗೆ ಆ ಕ್ಷಣ ಅವಳ ಕಾಲಿಗೆ ಬೀಳಬೇಕೆನಿಸಿತು. ಗರಗಸ ಆಡುವಷ್ಟು ಹೊತ್ತೂ ಅವಳು ಅತ್ತಿತ್ತ ಅಲುಗಲಿಲ್ಲ.

ತೊಲೆ ಏರಿತು. ಹಲಗೆಗೆ ಡಾಂಬರು ಬಳಿದು, ಗಾರೆಯನ್ನು ಈ ಸಲ ಬಡಿಯದೆ ಕೈಯಲ್ಲೇ ಒತ್ತಿ, ಕಲ್ಲು ಹಾಸಿದರು. ಅದು ಒಣಗಿದ ಮೇಲೆ ಅತ್ತೆ ಕೊಡಗಟ್ಟಲೆ ನೀರು ಸುರಿದು, ಕೆಳಗಿಳಿದು ಅಂಗಡಿಯಲ್ಲಿ ಕತ್ತೆತ್ತಿ ನಿಂತಳು. ಹೊರಗೆ ಮೊದಲ ಮಳೆ ಹೊಯ್ಯುತ್ತಿತ್ತು. ಒಳಗೆ ಒಂದು ಹನಿಯೂ ಇಳಿಯಲಿಲ್ಲ. ಸೀರೆಗಳ ನೆತ್ತಿಯ ಮೇಲೆ ಆ ಎರಡು ಗೆರೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಅವಳು ಅವನ್ನೇ ನೋಡುತ್ತಿದ್ದು, ಕಣ್ಣೊರೆಸಿಕೊಂಡು ಸಾಹುಕಾರರ ಕಡೆ ತಿರುಗಿದಳು.

"ಮಧ್ಯಾಹ್ನ ಊಟಕ್ಕೆ ನಮ್ಮನೆಗೆ ಬನ್ನಿ" ಎಂದಳು.