ರತ್ನಮ್ಮತ್ತೆಯ ತೋಪಿನ ಬೇಲಿ

ಮಾಲೂರು ಸ್ಟೇಷನ್ನಿನಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತಿದಾಗ ನನ್ನ ಸಾಮಾನೆಂದರೆ ಒಂದು ಸಣ್ಣ ಬ್ಯಾಗು, ಮಡಿಸಿದ ಎರಡು ಗೋಣಿಚೀಲ. ಗೋಣಿಚೀಲ ಅಮ್ಮನವು. "ಎರಡೂ ತುಂಬಿಸ್ಕೊಂಡೇ ಬಾ. ಬರೀ ಕೈಯಲ್ಲಿ ಬಂದ್ರೆ ಬಾಗಿಲು ತೆಗೆಯಲ್ಲ ನೋಡು" ಎಂದು ಬೀದಿಯವರೆಗೂ ಬಂದು ಹೇಳಿದ್ದಳು. ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು; ಡಿಸೆಂಬರ್ ಕೊನೆಯ ಚಳಿ, ಅವರೆಕಾಯಿಯ ಕಾಲ. ಬೈರಕೂರಿನ ಆಚೆ, ಆಂಧ್ರದ ಗಡಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ನಮ್ಮ ಸೋದರತ್ತೆ ರತ್ನಮ್ಮ ಇದ್ದಳು. ಅವಳ ಅವರೆಕಾಯಿ ಇಲ್ಲದೆ ನಮ್ಮ ಮನೆಯಲ್ಲಿ ಸಂಕ್ರಾಂತಿ ಆದದ್ದು ನನಗೆ ನೆನಪಿಲ್ಲ. ಆ ಸಲ ಅವಳಿಂದ ಒಂದು ಕಾರ್ಡು ಬಂದಿತ್ತು: "ಜಿಂಕೆಗಳು ಅವರೆ ತಿಂದು ಹಾಳು ಮಾಡುತ್ತಿವೆ. ಉಳಿದಿರುವಾಗಲೇ ಬಂದು ತೆಗೆದುಕೊಂಡು ಹೋಗು." ನಾನು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಟೀಚರು. ಜಿಂಕೆಯನ್ನು ಪುಸ್ತಕದ ಚಿತ್ರದಲ್ಲಿ ತೋರಿಸಿದ್ದೆನೇ ಹೊರತು ಬಯಲಿನಲ್ಲಿ ಕಂಡವಳಲ್ಲ. ಅವರೆಕಾಯಿಯ ನೆಪದಲ್ಲಿ ಜಿಂಕೆ ನೋಡಿ ಬರುವ ಆಸೆಯೂ ಇತ್ತು ಅನ್ನಿ.

ಟೇಕಲ್ ಬರುವ ಹೊತ್ತಿಗೆ ಬೆಟ್ಟದ ಬಂಡೆಗಳ ಮೇಲೆ ಮಂಜು ಇನ್ನೂ ಇತ್ತು. ಬಂಗಾರಪೇಟೆಯಲ್ಲಿ ಇಳಿದು ಕೋಲಾರದ ಪುಟ್ಟ ರೈಲು ಹಿಡಿದೆ. ಅದು ಎಷ್ಟು ನಿಧಾನವೆಂದರೆ ಒಬ್ಬ ಯಜಮಾನರು ಇಳಿದು, ಬೇಲಿಯ ಹತ್ತಿರ ತಮ್ಮ ಕೆಲಸ ಮುಗಿಸಿ, ಓಡಿ ಬಂದು ಅದೇ ಡಬ್ಬಿ ಹತ್ತಿಕೊಂಡರು. ಯಾರೂ ನಗಲಿಲ್ಲ, ದಿನಾ ನೋಡುವವರು. ಕೋಲಾರದ ಬಸ್‌ಸ್ಟಾಂಡಿನಲ್ಲಿ ಎರಡು ಇಡ್ಲಿ, ಒಂದು ವಡೆ ತಿಂದೆ. ಸಾಂಬಾರಿನಲ್ಲೂ ಅವರೆಕಾಳೇ. ಅಲ್ಲಿಂದ ಮುಳಬಾಗಿಲಿಗೆ ಮೂವತ್ತು ಕಿಲೋಮೀಟರು. ಸೀಟು ಸಿಗದೆ ಅರ್ಧ ದಾರಿ ನಿಂತೇ ಹೋದೆ. ಮುಳಬಾಗಿಲಿನಲ್ಲಿ ಬಸ್ಸು ಬದಲಾಯಿಸಿದ ಮೇಲೆ ಸುತ್ತಲಿನ ಮಾತು ಮೆಲ್ಲಗೆ ತೆಲುಗಿಗೆ ತಿರುಗಿತು. ಕಂಡಕ್ಟರು ಟಿಕೆಟ್ಟನ್ನು ಕನ್ನಡದಲ್ಲಿ ಕೊಟ್ಟು ಚಿಲ್ಲರೆಗೆ ತೆಲುಗಿನಲ್ಲಿ ಬೈದ.

ಅತ್ತೆಯ ಊರು ಸೇರಿದಾಗ ಮಧ್ಯಾಹ್ನ ಮೂರು ಗಂಟೆ. ಮನೆಗೆ ಬೀಗ. ಪಕ್ಕದ ಮನೆಯ ಹೆಂಗಸು "ಎಲ್ಲಾ ತೋಪಲ್ಲವ್ರೆ, ಬೇಲಿ ಕಟ್ತಾವ್ರೆ, ಅಲ್ಲಿಗೇ ಹೋಗಮ್ಮಾ" ಎಂದಳು. ತೋಪು ಎಂದರೆ ಆರು ಎಕರೆಯ ಹಳೆಯ ಮಾವಿನ ತೋಪು. ಮರಗಳ ಕೆಳಗೆ ಎದೆಯುದ್ದದ ಹುಲ್ಲು, ನಡುವೆ ಲಂಟಾನದ ಪೊದೆ. ಕಾಯಿ ಹಿಡಿಯುವ ಕಾಲ ಬಿಟ್ಟರೆ ಅಲ್ಲಿ ಯಾರೂ ಕಾಲಿಡುವುದಿಲ್ಲ. ಅದರ ಒಂದು ಮೂಲೆಯಲ್ಲಿ, ಮರವಿಲ್ಲದ ಜಾಗದಲ್ಲಿ, ಅತ್ತೆಯ ಅವರೆ.

ಅಲ್ಲಿ ಇಡೀ ಊರೇ ಸೇರಿತ್ತು. ಆ ಕಡೆ ಇದಕ್ಕೆ ಮುಯ್ಯಾಳು ಎನ್ನುತ್ತಾರೆ. ಇವತ್ತು ಅವರು ನಿಮ್ಮ ಕೆಲಸಕ್ಕೆ ಬಂದರೆ ನಾಳೆ ನೀವು ಅವರ ಕೆಲಸಕ್ಕೆ ಹೋಗಬೇಕು. ಕೂಲಿ ಇಲ್ಲ, ಹೊಟ್ಟೆ ತುಂಬ ಊಟ. ಎರಡು ದಿನದಿಂದ ಇಪ್ಪತ್ತು ಜನ ಜಾಲಿಮುಳ್ಳು ಕಡಿದು ತಂದು ತೋಪಿನ ಸುತ್ತ ಬೇಲಿ ಹೆಣೆಯುತ್ತಿದ್ದರು. ಮಾವ ಮುನಿಶಾಮಪ್ಪ ಪಂಚೆ ಎತ್ತಿ ಕಟ್ಟಿ, ಒಂದು ಕೆಲಸವನ್ನೂ ಮಾಡದೆ ಎಲ್ಲರಿಗೂ ಹೇಳುತ್ತ ಓಡಾಡುತ್ತಿದ್ದರು. "ಬಾಮ್ಮಾ ಶಾರದಾ! ನೋಡು, ಇನ್ನು ಇಲಿ ಕೂಡ ನುಗ್ಗಲ್ಲ. ಬೆಟ್ಟದಿಂದ ಬರ್ತವಲ್ಲ ಜಿಂಕೆಗಳು, ಬಂದು ಮೂತಿ ಚುಚ್ಚಿಸ್ಕೊಂಡು ಹೋಗ್ಲಿ!"

ಅತ್ತೆ ನನ್ನ ಕೈ ಹಿಡಿದು ನೇರ ಅವರೆಯ ಹತ್ತಿರ ಕರೆದುಕೊಂಡು ಹೋದಳು. ಅರ್ಧ ಹೊಲ ಕುಡಿ ಇಲ್ಲದೆ ಬೋಳಾಗಿತ್ತು. ಆ ಅವರೆ ಅವಳೊಬ್ಬಳದು. ಉತ್ತದ್ದು ಬಿಟ್ಟರೆ ಬಿತ್ತಿದ್ದು, ಕಳೆ ಕಿತ್ತದ್ದು ಎಲ್ಲ ಅವಳೇ. ಅದರಿಂದ ಬಂದದ್ದಕ್ಕೆ ಮಾವ ಲೆಕ್ಕ ಕೇಳುವಂತಿರಲಿಲ್ಲ. ಈ ಸಲ ಅವಳು ಹೊಲಿಗೆ ಮಿಷನ್ ತೆಗೆದುಕೊಳ್ಳಬೇಕೆಂದಿದ್ದಳು. ಮುಳಬಾಗಿಲಿನ ಅಂಗಡಿಗೆ ಎರಡು ಸಲ ಹೋಗಿ ಅದರ ಚಕ್ರ ತಿರುಗಿಸಿ ನೋಡಿಯೂ ಬಂದಿದ್ದಳು.

"ಹಾಳಾದವು! ಒಂದೊಂದನ್ನೂ ಹಿಡ್ದು ಸಿಗಿದು ಹಾಕ್ಬೇಕು ಅನ್ನಿಸ್ತದೆ ಕಣೇ" ಎಂದಳು. "ನಾಳೆ ಶಾಮಣ್ಣ ಬರ್ತಾನೆ ಬಂದೂಕ ತಗೊಂಡು. ಬೇಲಿ ಹತ್ರ ಬಂದು ನಿಂತವನ್ನ ನೋಡ್ಕೊಳ್ತಾನೆ. ನಿಮ್ಮಾವ ಮಾತು ಕೊಟ್ಟವ್ರೆ."

ಶಾಮಣ್ಣ ಶ್ರೀನಿವಾಸಪುರದ ಮಾವಿನ ಮಂಡಿಯವರು. ಪ್ರತಿ ವರ್ಷ ಈ ತೋಪಿನ ಫಸಲನ್ನು ಗುತ್ತಿಗೆ ಹಿಡಿಯುವವರು ಅವರೇ. ಭಾನುವಾರ ಬಂತೆಂದರೆ ಸ್ನೇಹಿತರ ಜೊತೆ ಜೀಪಿನಲ್ಲಿ ಬೆಟ್ಟದ ಕಡೆ ಬೇಟೆಗೆ ಹೊರಡುವ ಚಾಳಿ. ಬೇಟೆಯಾಡಬಾರದೆಂದು ಕಾಯಿದೆ ಬಂದಿದೆ ಎಂದು ನಾನು ಹೇಳಿದೆ. ಮಾವ "ಕಾಯಿದೆ ಮಾಲೂರಿಗೆ ಬಂದಿರ್ಬೇಕು, ಇನ್ನೂ ಇಲ್ಲಿಗೆ ಬಸ್ಸು ಸಿಕ್ಕಿಲ್ಲ" ಎಂದು ನಕ್ಕರು. ನನಗೆ ಸಿಟ್ಟು ಬಂತು. ಆದರೆ ಬೋಳಾದ ಅವರೆಯನ್ನು ನೋಡಿದ ಮೇಲೆ ಜೋರಾಗಿ ವಾದಿಸಲು ಬಾಯಿ ಬರಲಿಲ್ಲ. ಹೊತ್ತು ಮುಳುಗುವ ಮುಂಚೆ ಕೊನೆಯ ಕಂಡಿಗೆ ಬಿದಿರಿನ ತಡಿಕೆ ಕಟ್ಟಿ ಮುಚ್ಚಿದರು. ಎಲ್ಲರಿಗೂ ರಾಗಿಮುದ್ದೆ, ಸಿಪ್ಪೆ ಹಿಸುಕಿ ತೆಗೆದ ಅವರೆಕಾಳಿನ ಹಿತಕಿದ ಬೇಳೆ ಸಾರು. ನಾನೂ ಎರಡು ಮುದ್ದೆ ತಿಂದು ಕಂಬಳಿ ಹೊದ್ದು ಮಲಗಿದವಳು ಬೆಳಗಿನವರೆಗೂ ಏಳಲಿಲ್ಲ.

ಭಾನುವಾರ ಬೆಳಗ್ಗೆ ಮಾವ ಬೇಲಿ ತೋರಿಸಲು ಕರೆದುಕೊಂಡು ಹೋದರು. ತಡಿಕೆ ಬಿಚ್ಚಿ ಒಳಗೆ ಕಾಲಿಟ್ಟವರು ಅಲ್ಲೇ ನಿಂತರು. ಅವರೆಯ ಮಣ್ಣಿನ ತುಂಬ ಹೊಸ ಗೊರಸಿನ ಗುರುತು. ಇನ್ನೂ ನಾಲ್ಕು ಸಾಲು ಬೋಳು. "ಎಲ್ಲೋ ಕಂಡಿ ಬಿಟ್ಟವ್ರೆ ನನ್ಮಕ್ಳು!" ಎಂದು ಮಾವ ಬೇಲಿಯನ್ನು ಕೈಯಿಂದ ತಡವುತ್ತ ಒಂದು ಸುತ್ತು ಹಾಕಿದರು. ಒಂದು ಮೊಲ ನುಗ್ಗುವಷ್ಟೂ ಜಾಗವಿರಲಿಲ್ಲ. ಇನ್ನೊಂದು ಸುತ್ತು ಹಾಕಿದರು. ಕೈಗೆ ಮುಳ್ಳು ಚುಚ್ಚಿಕೊಂಡದ್ದಷ್ಟೇ ಲಾಭ.

ಅಷ್ಟರಲ್ಲಿ ಮರಗಳ ನಡುವೆ ಸೌದೆ ಆಯಲು ಹೋಗಿದ್ದ ಅತ್ತೆ ಬರಿಗೈಯಲ್ಲಿ, ಮೆಲ್ಲಗೆ ಹೆಜ್ಜೆಯಿಡುತ್ತ ವಾಪಸು ಬಂದಳು. ದನಿ ತಗ್ಗಿಸಿ, "ಏನ್ರೀ, ಹೊರಗೆ ಯಾಕೆ ಹುಡುಕ್ತೀರಿ? ಒಳಗೇ ಮಲಗವೆ" ಎಂದಳು.

ಮೂವರೂ ಹುಲ್ಲಿನಲ್ಲಿ ಬಗ್ಗಿ ಹೋದೆವು. ಲಂಟಾನದ ಪೊದೆಯ ಆಚೆ, ದೊಡ್ಡ ಮರದ ನೆರಳಿನಲ್ಲಿ ಅವು ಇದ್ದವು. ಚುಕ್ಕೆ ಜಿಂಕೆಗಳು, ಮರಿಗಳೂ ಸೇರಿ ಹನ್ನೊಂದು. ಒಂದು ಹೆಣ್ಣು ಜಿಂಕೆ ನಮ್ಮನ್ನು ನೋಡಿ ಎದ್ದು ನಿಂತು, ಕಿವಿ ಅಲ್ಲಾಡಿಸಿ, ಓಡದೆ ಹಾಗೇ ನೋಡುತ್ತಿತ್ತು. ಎಷ್ಟು ಚೆನ್ನಾಗಿದ್ದವು! ನನ್ನ ಕಣ್ಣು ತುಂಬಿತು, ನಾಚಿಕೆಯೇನು.

ಅದು ಹೇಗಾಯಿತೆಂದು ಹೇಳಿದವನು ಕುರಿ ಮೇಯಿಸುವ ಚಿನ್ನಪ್ಪ. ಊರಿನವರೆಲ್ಲ ನೋಡಲು ಓಡಿ ಬಂದರಲ್ಲ, ಅವರ ಹಿಂದೆ ಬಂದು, ಕೋಲಿನ ಮೇಲೆ ಗಲ್ಲವಿಟ್ಟು ನಿಂತು ನಗಲು ಶುರು ಮಾಡಿದ. "ಒಂದು ಮಾತು ನನ್ನ ಕೇಳ್ಬಾರದಾಗಿತ್ತಾ ಅಣ್ಣಾ? ಬೆಟ್ಟದಲ್ಲಿ ದೀಪಾವಳಿಯಿಂದ ತೋಳ ಮರಿ ಹಾಕವೆ. ನನ್ನವೇ ಎರಡು ಕುರಿ ಹೋದ್ವು. ಅದರ ಮೇಲೆ ವಾರವಾರ ಜೀಪು, ಢಮ್ ಢಮ್. ಗೋಮಾಳದಲ್ಲಿ ನಿಲ್ಲೋಕೆ ಜಾಗ ಎಲ್ಲೈತೆ ಅವಕ್ಕೆ? ನಿಮ್ಮ ತೋಪಿಗೆ ತೋಳಾನೂ ಬರಲ್ಲ, ಬಂದೂಕಾನೂ ಬರಲ್ಲ. ಹಗಲೆಲ್ಲ ಇಲ್ಲಿ ಮಲಗ್ತವೆ, ಕತ್ತಲಾದ್ರೆ ಮೇಯೋಕೆ ಹೊರಗೆ ಹೋಗ್ತವೆ. ನೀವು ಉಲ್ಟಾ ತಿಳ್ಕೊಂಡು ಹಗಲು ಹೊತ್ತಲ್ಲಿ ಬಾಗ್ಲು ಹಾಕಿದ್ರಿ!"

ಇಪ್ಪತ್ತು ಜನ ಎರಡು ದಿನ ಮುಳ್ಳು ಹೊತ್ತದ್ದು ಜಿಂಕೆಗಳನ್ನು ಅವರೆಯ ಜೊತೆ ಕೂಡಿಹಾಕಲು! ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವನೂ ನಕ್ಕರು. ಬೇಗ ಸುಧಾರಿಸಿಕೊಂಡು, "ಇನ್ನೂ ಒಳ್ಳೇದೇ ಆಯ್ತು. ಶಾಮಣ್ಣನಿಗೆ ಬೆಟ್ಟ ಹತ್ತೋ ತಾಪತ್ರಯ ಇಲ್ಲ. ಎಲ್ಲಾ ಇಲ್ಲೇ ಅವೆ" ಎಂದರು.

ನಗು ನಿಂತಿತು. ನಾನು ಅತ್ತೆಯ ಮುಖ ನೋಡಿದೆ. ಅವಳು ಬೋಳಾದ ಅವರೆಸಾಲು ನೋಡುತ್ತಿದ್ದಳು. ಆಮೇಲೆ ಹೋಗಿ ತಡಿಕೆಯ ಹಗ್ಗವನ್ನು ಪೂರ್ತಿ ಬಿಚ್ಚಿ, ತಡಿಕೆಯನ್ನು ಎಳೆದು ಪಕ್ಕಕ್ಕೆ ಹಾಕಿದಳು. ಮತ್ತೆ ಜಿಂಕೆಗಳ ಹಿಂದಿನಿಂದ ಬಂದು ಸೆರಗು ಬೀಸಿ "ಹೋಗ್ರೇ, ಹೋಗ್ರೇ, ಪೋಂಡಿ!" ಎಂದು ಎರಡೂ ಭಾಷೆಯಲ್ಲಿ ಓಡಿಸಿದಳು. ಜಿಂಕೆಗಳು ಎದ್ದು, ಕಂಡಿಯ ತನಕ ಓಡಿ, ಹೊರಗಿನ ಬಯಲು ನೋಡಿ ನಿಂತವು. ಒಂದು ಗಳಿಗೆ ಹಾಗೇ ನಿಂತು ಪಕ್ಕಕ್ಕೆ ತಿರುಗಿ ಮತ್ತೆ ಅದೇ ಮರದ ಕೆಳಗೆ ಹೋದವು. ಅತ್ತೆ ಸೊಂಟದ ಮೇಲೆ ಕೈಯಿಟ್ಟು, "ನೋಡೇ ಇವುಗಳ ಪೊಗರು! ಬಾಗ್ಲು ತೆಗೆದ್ರೂ ಹೋಗಲ್ಲ ಅಂತಾವಲ್ಲ!" ಎಂದಳು. ಬೈಗುಳವೇ, ಆದರೆ ದನಿ ನಿನ್ನೆಯದಲ್ಲ.

ಹನ್ನೊಂದು ಗಂಟೆಗೆ ಜೀಪು ಬಂತು. ಸ್ನೇಹಿತರು ಯಾರೋ ಮದುವೆಗೆ ಹೋಗಿದ್ದರಿಂದ ಶಾಮಣ್ಣನವರು ಒಬ್ಬರೇ ಬಂದಿದ್ದರು. ದಪ್ಪಗೆ, ಕೆಂಪಗೆ, ನಗುನಗುತ್ತ ಇರುವ ಮನುಷ್ಯರು. ಕೆಟ್ಟವರೆಂದು ಹೇಳಲು ನನಗೆ ಮನಸ್ಸಿಲ್ಲ. ದಾರಿಯಲ್ಲೇ ಸುದ್ದಿ ಸಿಕ್ಕಿತ್ತು. "ಭಲೇ ರತ್ನಮ್ಮಾ! ದೊಡ್ಡಿ ಕಟ್ಟಿ ಕೂಡಿ ಹಾಕಿದೀಯಂತೆ!" ಎಂದು ಹಿಂದಿನ ಸೀಟಿನಿಂದ ಬಂದೂಕು ತೆಗೆದರು.

ಅತ್ತೆ ಕಂಡಿಗೆ ಅಡ್ಡ ಇದ್ದ ಕಲ್ಲಿನ ಮೇಲೆ ಕೂತಿದ್ದಳು. ಏಳಲಿಲ್ಲ. "ಅಣ್ಣಾ, ಊಟಕ್ಕೆ ಬಾ. ಹಿತಕಿದ ಬೇಳೆ ಮಾಡಿದೀನಿ. ಅದು ಜೀಪಲ್ಲೇ ಇರ್ಲಿ" ಎಂದಳು.

"ಊಟ ಆಮೇಲೆ ಮಾಡ್ತೀನಿ. ಮೊದಲು ಕೆಲಸ."

"ಇಲ್ಲಿ ಬ್ಯಾಡ."

ಮಾವ ಓಡಿ ಬಂದರು. "ಏನೇ ಇದು? ಮಾತು ಕೊಟ್ಟಿದೀನಲ್ಲೇ!"

"ನೀವು ಮಾತು ಕೊಟ್ಟಿದ್ದು ಬೆಟ್ಟದಿಂದ ಬಂದು ಬೇಲಿ ಹಾರೋವಕ್ಕೆ. ಇವು ಎಲ್ಲೂ ಹಾರಲಿಲ್ಲ. ನಾವೇ ಬಾಗ್ಲು ಹಾಕಿ ಕೂಡಿಸ್ಕೊಂಡ್ವಿ." ಆಮೇಲೆ ಶಾಮಣ್ಣನವರ ಕಡೆ ತಿರುಗಿದಳು. "ಓಡೋದನ್ನ ಹೊಡೆದ್ರೆ ನೀವು ಬೇಟೆ ಅಂತೀರಿ ಅಣ್ಣಾ. ಪ್ರಾಣ ಉಳ್ಸ್ಕೊಳ್ಳೋಕೆ ಮನೆಗೆ ಬಂದೋರ್ನ ಬಾಗ್ಲು ಹಾಕಿ ಹೊಡೆದ್ರೆ ಏನಂತಾರೆ? ನಿನ್ನೆವರ್ಗೂ ನನಗೆ ಗೊತ್ತಿರ್ಲಿಲ್ಲ, ಸಿಗಿದು ಹಾಕ್ಬೇಕು ಅಂತಿದ್ದೆ. ಇವತ್ತು ಗೊತ್ತಾಯ್ತು. ಗೊತ್ತಾದ ಮೇಲೆ ನನ್ನ ಕೈಲಾಗಲ್ಲ."

"ನಿನ್ನ ಅವರೆ?"

"ಹೋದದ್ದು ಹೋಯ್ತು."

"ಹೊಲಿಗೆ ಮಿಷನ್ನು?" ಇದನ್ನು ಕೇಳಿದವರು ಮಾವ. ಸಣ್ಣ ದನಿಯಲ್ಲಿ ಕೇಳಿದರು. ಅವರಿಗೂ ಆ ಆಸೆ ಗೊತ್ತಿತ್ತೆಂದು ನನಗೆ ಆಗಲೇ ತಿಳಿದದ್ದು. ಅತ್ತೆ ಸೆರಗಿಗೆ ಅಂಟಿದ ಹುಲ್ಲುಬೀಜ ಕಿತ್ತಳು. "ಬರೋ ವರ್ಷಕ್ಕೆ ಅದೇನು ಹಳೇದಾಗಿ ಹೋಗ್ತದಾ? ಇರ್ಲಿ ಬಿಡಿ" ಎಂದಳು.

ಶಾಮಣ್ಣನವರು ಕೈಯಲ್ಲಿದ್ದ ಬಂದೂಕನ್ನು ನೋಡಿದರು. ಮಾವಿನ ಕಾಲಕ್ಕೆ ಬೇರೆ ತೋಪು ನೋಡಿಕೊಳ್ಳುತ್ತೇನೆ ಎಂದುಬಿಟ್ಟರೆ ಏನು ಗತಿ ಎಂದು ನನಗೆ ಭಯ. ಅವರು ಬಂದೂಕನ್ನು ಸೀಟಿನ ಮೇಲೆ ಎಸೆದು, "ಸಾರಿಗೆ ತುಪ್ಪ ಐತಾ?" ಎಂದರು.

ಊಟದ ಹೊತ್ತಿಗೆ ಉಪಾಯವನ್ನೂ ಅತ್ತೆಯೇ ಹೇಳಿದಳು: ತೋಪಿನ ಬೇಲಿ ಬಿಚ್ಚಿ, ಅದೇ ಮುಳ್ಳನ್ನು ಮೂಲೆಯ ಅವರೆಯ ಸುತ್ತ ಮಾತ್ರ ಎರಡು ಪಟ್ಟು ದಪ್ಪಕ್ಕೆ ಹಾಕುವುದು. ಹುಲ್ಲು, ನೆರಳು ಜಿಂಕೆಗಳಿಗೆ. ಉಳಿದ ಅವರೆ ಮನೆಗೆ. ಮಾವ ಮತ್ತೆ ಮುಯ್ಯಾಳು ಕೇಳಬೇಕಾಯಿತು. "ಅಲ್ಲಣ್ಣಾ, ಬರೋ ವರ್ಷವೆಲ್ಲ ನೀನು ನಮ್ಮ ಹೊಲದಲ್ಲೇ ಇರ್ಬೇಕಾಗ್ತದೆ" ಎಂದು ಚಿನ್ನಪ್ಪ ಛೇಡಿಸಿದ. ಆದರೂ ಎಲ್ಲರೂ ಎದ್ದರು, ಮುದ್ದೆ ಚೆನ್ನಾಗಿತ್ತಲ್ಲ. ಈ ಸಲ ಮಾವ ಮಾತು ನಿಲ್ಲಿಸಿ ತಾವೇ ಮುಳ್ಳು ಹೊತ್ತರು.

ಸೋಮವಾರ ಶಾಲೆಯಿದ್ದುದರಿಂದ ನಾನು ಅವತ್ತೇ ಹೊರಡಬೇಕಿತ್ತು. ಅತ್ತೆ ಎರಡು ಗೋಣಿಚೀಲದಲ್ಲಿ ಒಂದನ್ನು ಅರ್ಧ ತುಂಬಿಸಿ ಬಾಯಿ ಹೊಲಿದಳು. ಶಾಮಣ್ಣನವರು ಶ್ರೀನಿವಾಸಪುರದವರೆಗೂ ಜೀಪಿನಲ್ಲಿ ಬಿಡುವುದಾಗಿ ಕರೆದರು. ಚೀಲ ಹಿಂದಿನ ಸೀಟಿನಲ್ಲಿ, ಬಂದೂಕಿನ ಪಕ್ಕ ಕೂತಿತು. ಜೀಪು ಹೊರಟಾಗ ತಿರುಗಿ ನೋಡಿದೆ. ಕಂಡಿಯಲ್ಲಿ ಒಂದು ಹೆಣ್ಣು ಜಿಂಕೆ ಮುಖ ಹೊರಗೆ ಚಾಚಿತ್ತು. ಇಂಜಿನ್ನಿನ ಸದ್ದು ಕೇಳಿದ್ದೇ ಒಳಗೆ ಓಡಿತು. ಕಲ್ಲಿನ ಮೇಲಿದ್ದ ಅತ್ತೆ ನನಗೆ ಕೈ ಬೀಸುತ್ತಲೇ ಇದ್ದಳು.

ಬೆಟ್ಟದ ಬುಡದ ಗೋಮಾಳ ಬಂದಾಗ ಶಾಮಣ್ಣನವರು ಅಭ್ಯಾಸದಂತೆ ಜೀಪು ನಿಧಾನ ಮಾಡಿದರು. ಬಿಸಿಲಿನಲ್ಲಿ ಒಣ ಹುಲ್ಲು, ಬಂಡೆ, ಅಲ್ಲಲ್ಲಿ ಬಂದೂಕಿನ ಖಾಲಿ ತೋಟಾ. ಒಂದು ಪ್ರಾಣಿ ಇಲ್ಲ. "ನಾನು ಸಣ್ಣವನಿದ್ದಾಗ ಇಲ್ಲಿ ಹಿಂಡು ಹಿಂಡಾಗಿ ನಿಂತಿರ್ತಿದ್ವು ಟೀಚರಮ್ಮಾ" ಎಂದರು. ಮತ್ತೆ ಗೇರು ಬದಲಾಯಿಸುತ್ತ, "ಓಡಿಸಿದೋರು ನಾವೇ, ಅಲ್ವಾ?" ಎಂದರು. ನಾನು ಹೂಂ ಎಂದೆ. ಶ್ರೀನಿವಾಸಪುರದಲ್ಲಿ ಇಳಿಯುವಾಗ ಚೀಲವನ್ನು ತಾವೇ ಹೊತ್ತು ಸ್ಟೇಷನ್ನಿನವರೆಗೂ ತಂದು ಕೊಟ್ಟರು.

ಪುಟ್ಟ ರೈಲು ಕೋಲಾರ ದಾಟಿ ಬಂಗಾರಪೇಟೆ ಮುಟ್ಟಿತು. ಅಲ್ಲಿಂದ ದೊಡ್ಡ ರೈಲು. ಮಾಲೂರಿನ ಮನೆ ಸೇರಿದಾಗ ರಾತ್ರಿ ಒಂಬತ್ತು ದಾಟಿತ್ತು. ಅಮ್ಮ ಬಾಗಿಲಲ್ಲೇ ಚೀಲವನ್ನು ಎತ್ತಿ ನೋಡಿದಳು. ಇನ್ನೊಂದು ಖಾಲಿ ಚೀಲವನ್ನೂ ನೋಡಿದಳು.

"ಇಷ್ಟೇನಾ? ಏನಾಯ್ತೇ ನಿಮ್ಮತ್ತೆಗೆ? ಯಾವತ್ತೂ ಹಿಂಗೆ ಕೈ ಬಿಗಿ ಹಿಡಿದೋಳಲ್ಲ."

ಚಪ್ಪಲಿ ಬಿಡುತ್ತ ಹೇಳಿದೆ: "ಈ ಸಲ ಅತ್ತೆ ಮನೇಲಿ ಜನ ಜಾಸ್ತಿ ಕಣಮ್ಮಾ. ಹನ್ನೊಂದು ಜನ ಬಂದು ಉಳ್ಕೊಂಡವ್ರೆ."