ಎರಡನೆಯ ಕುರ್ಚಿಯವರು

ಆಸ್ಪತ್ರೆಯ ನರ್ಸುಗಳು ಅವರನ್ನು ಟೋಕನ್ ಅಕ್ಕ ಎಂದು ಕರೆಯುತ್ತಿದ್ದರು. ದೊಡ್ಡ ಹಾಲ್‌ನ ಗೋಡೆಯ ಮೇಲೆ ಕೆಂಪು ಅಂಕಿಗಳು ಬದಲಾಗುವ ಬೋರ್ಡು, ರೋಗಿಗಳು ಮನೆಯಲ್ಲಿ ಕುಳಿತೇ ಸರದಿ ಹಿಡಿಯುವ ಮೊಬೈಲ್ ಆ್ಯಪ್, ಡಾಕ್ಟರರ ಕೋಣೆಯ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುವ ವೆಬ್ ಪುಟ, ಬೋರ್ಡಿನ ಹಿಂದಿನ ಪುಟ್ಟ ಪೆಟ್ಟಿಗೆಯೊಳಗೆ ಓಡುವ ಪ್ರೋಗ್ರಾಮು, ಇವಿಷ್ಟನ್ನೂ ನೋಡಿಕೊಳ್ಳುತ್ತಿದ್ದವರು ಅವರೊಬ್ಬರೇ. ಬೋರ್ಡು ನಿಂತರೆ ಅವರಿಗೆ ಫೋನು ಬರುತ್ತಿತ್ತು. ನಿಲ್ಲದಿದ್ದರೆ ಯಾರ ಫೋನೂ ಇಲ್ಲ. ಕೆಲಸ ಚೆನ್ನಾಗಿ ಮಾಡುವವರ ಫೋನು ತಿಂಗಳುಗಟ್ಟಲೆ ಸುಮ್ಮನಿರುತ್ತದೆ.

ಆಫೀಸು ಎಂದರೆ ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆ. ಮುಂದಿನ ಕೋಣೆಗೆ ಮಾಲೀಕರು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಒಳಗಿನ ಕೋಣೆಯಲ್ಲಿ ಎದುರುಬದುರಾಗಿ ಎರಡು ಮೇಜು, ಎರಡು ಕುರ್ಚಿ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಅದರ ಮೇಲೆ ಇಳಿದು ಬರುವ ಒಂದು ನೀರಿನ ಪೈಪು. ಹಗಲು ಹನ್ನೊಂದರಿಂದ ಹನ್ನೊಂದೂವರೆಯವರೆಗೆ ಆ ಗೋಡೆಯ ಮೇಲೆ ಬಿಸಿಲು ಬೀಳುತ್ತಿತ್ತು. ಅಕ್ಕ ಚಹಾ ಕುಡಿಯುತ್ತಿದ್ದುದು ಆ ಅರ್ಧ ಗಂಟೆಯಲ್ಲೇ.

ಎರಡನೆಯ ಕುರ್ಚಿಯಲ್ಲಿ ಮೊದಲು ಅವರ ಗೆಳತಿ ಕೂರುತ್ತಿದ್ದಳು. ಆಸ್ಪತ್ರೆಯೊಂದಿಗೆ ಆದ ಒಪ್ಪಂದದಲ್ಲಿ ಒಂದು ನಿಯಮವಿತ್ತು: ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ, ತಪ್ಪು ಹುಡುಕಿ, ಸರಿ ಎಂದು ಒಪ್ಪದ ಹೊರತು ಒಂದು ಸಾಲೂ ಆಸ್ಪತ್ರೆಗೆ ಹೋಗಕೂಡದು. ಅದಕ್ಕೆಂದೇ ಕಂಪ್ಯೂಟರಿನಲ್ಲಿ ಎರಡು ಖಾತೆ ಮಾಡಿಟ್ಟಿದ್ದರು. ಅಕ್ಕ ಡೆವಲಪರ್ ಒಂದು, ಚಿಕ್ಕದಾಗಿ ಡೆವ್ ಒಂದು; ಗೆಳತಿ ಡೆವ್ ಎರಡು. ಹನ್ನೊಂದು ವರ್ಷದ ಹಿಂದೆ ಗೆಳತಿಗೆ ದೂರದಲ್ಲಿ ಬೇರೆ ಕೆಲಸ ಸಿಕ್ಕಿತು. ಹೊರಡುವ ದಿನ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಕೀಬೋರ್ಡಿನ ಕೆಳಗೆ ಇಟ್ಟಳು. "ಹೊಸಬರನ್ನ ಹುಡುಕ್ತಾ ಇದೀನಿ, ಅಲ್ಲಿವರೆಗೂ ಹೇಗೋ ಸಂಭಾಳಿಸಮ್ಮ" ಎಂದರು ಮಾಲೀಕರು. ಹೊಸಬರು ಬರಲಿಲ್ಲ.

ಕಣ್ಣು ಮುಚ್ಚಿ ಎರಡೂ ಕಡೆಯ ಸಹಿ ತಾವೇ ಒತ್ತಿಬಿಡಬಹುದಿತ್ತು. ಅಕ್ಕನಿಗೆ ಮನಸ್ಸು ಒಪ್ಪಲಿಲ್ಲ. ಅವರು ತಮ್ಮದೇ ಒಂದು ಕ್ರಮ ಮಾಡಿಕೊಂಡರು. ಇವತ್ತು ಬರೆದದ್ದನ್ನು ಇವತ್ತು ಓದಬಾರದು. ನಡುವೆ ಒಂದು ನಿದ್ದೆ ಆಗಿರಬೇಕು. ಬೆಳಿಗ್ಗೆ ಬಂದವರೇ ತಮ್ಮ ಕುರ್ಚಿಯಲ್ಲಿ ಕೂರದೆ, ಕೈಹಿಡಿಕೆ ಹರಿದ ಆ ಎರಡನೆಯ ಕುರ್ಚಿಯಲ್ಲಿ ಕೂರಬೇಕು. ಕೋಡನ್ನು ಕಾಗದದ ಮೇಲೆ ಮುದ್ರಿಸಿ, ಗಟ್ಟಿಯಾಗಿ ಓದಬೇಕು. ಬರೆದವರ ಮೇಲೆ ಒಂದಿಷ್ಟೂ ದಾಕ್ಷಿಣ್ಯ ಇರಬಾರದು.

ದಾಕ್ಷಿಣ್ಯ ಇರಲೂ ಇಲ್ಲ.

"ಈ ಫಂಕ್ಷನ್ ಯಾಕೆ ಹನುಮಂತನ ಬಾಲದ ಹಾಗಿದೆ?" ಎಂದು ಕಂಪ್ಯೂಟರಿನಲ್ಲಿ ಕೋಡಿನ ಪಕ್ಕದಲ್ಲೇ ಡೆವ್ ಎರಡು ಬರೆಯುತ್ತಿದ್ದರು.

"ನೆನ್ನೆ ಸುಸ್ತಾಗಿತ್ತು. ಮೂರು ತುಂಡು ಮಾಡ್ತೀನಿ" ಎಂದು ಮಧ್ಯಾಹ್ನ ತಮ್ಮ ಕುರ್ಚಿಗೆ ಮರಳಿ ಡೆವ್ ಒಂದು ಉತ್ತರಿಸುತ್ತಿದ್ದರು.

"ಸುಸ್ತಾದರೆ ಮನೆಗೆ ಹೋಗಿ. ಸುಸ್ತಾದವರು ಬರೆದದ್ದನ್ನ ಓದೋಕೆ ನನಗೇನು ಗ್ರಹಚಾರ?"

ಹೀಗೆ ಬೈಸಿಕೊಂಡೇ ಅಕ್ಕ ಕೆಲಸ ಕಲಿತರು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದು ಕೆಡಿಸಿತು ಎಂದು ದೇವರಿಗೂ ತಿಳಿಯುವುದಿಲ್ಲ. ಈ ಸಾಲು ಏನು ಮಾಡುತ್ತದೆ ಎಂದು ಟಿಪ್ಪಣಿ ಬರೆಯಬೇಡಿ, ಅದು ಓದಿದರೆ ಕಾಣುತ್ತದೆ. ಯಾಕೆ ಇದೆ ಎಂದು ಬರೆಯಿರಿ. ಬ್ಯಾಕಪ್ ತೆಗೆದಿಟ್ಟಿದ್ದೇನೆ ಎನ್ನುವ ಮಾತಿಗೆ ಬೆಲೆಯಿಲ್ಲ, ಅದರಿಂದ ಒಮ್ಮೆ ಎಲ್ಲವನ್ನೂ ಮರಳಿ ಕಟ್ಟಿ ತೋರಿಸಿ. ಆ್ಯಪನ್ನು ನಿಮ್ಮ ಒಳ್ಳೆಯ ಫೋನಿನಲ್ಲಿ ನೋಡಿ ಹಿಗ್ಗಬೇಡಿ. ಕೊನೆಯದಕ್ಕಾಗಿ ಅಕ್ಕ ಗಾಜು ಒಡೆದ ಹಳೆಯ ಫೋನೊಂದನ್ನು ಇಟ್ಟುಕೊಂಡಿದ್ದರು. ಅದನ್ನು ಹಿಡಿದು ಸಿಗ್ನಲ್ ಸಿಗದ ಮೆಟ್ಟಿಲ ಸಂದಿಯಲ್ಲಿ ನಿಂತು, ಕನ್ನಡಕ ತೆಗೆದು, ತಮ್ಮ ಆ್ಯಪಿನಲ್ಲಿ ಟೋಕನ್ ಹಿಡಿಯಲು ಪರದಾಡುತ್ತಿದ್ದರು. ಕೆಳಗಿನ ಜೆರಾಕ್ಸ್ ಅಂಗಡಿಯವನು "ಏನಕ್ಕ, ಯಾರ ಫೋನಿಗೆ ಕಾಯ್ತಾ ಇದೀರಿ?" ಎಂದು ನಗುತ್ತಿದ್ದ.

ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ಒಂದೇ ತಟ್ಟೆ ಇರುವ ಸ್ಟ್ಯಾಂಡು. ಭಾನುವಾರ ತಂಗಿ ಫೋನು ಮಾಡುತ್ತಿದ್ದಳು.

"ಊಟಕ್ಕೆ ಜೊತೆಗೆ ಯಾರಾದ್ರೂ ಇದಾರೇನೇ ಅಕ್ಕ ಆಫೀಸಲ್ಲಿ?"

"ಇದಾರೆ. ಎದುರಿನ ಮೇಜಿನವರು."

"ಗಂಡಸೋ ಹೆಂಗಸೋ?"

"ಕೋಪಿಷ್ಠರು."

ತಂಗಿ ಬಿದ್ದು ಬಿದ್ದು ನಕ್ಕಳು. ಸುಳ್ಳು ಹೇಳಿದೆ ಎಂದು ಅಕ್ಕನಿಗೆ ಅನ್ನಿಸಲಿಲ್ಲ.

ಆ ವರ್ಷ ಮಾಲೀಕರು ಕಂಪನಿಯನ್ನು ದೊಡ್ಡದೊಂದು ಕಂಪನಿಗೆ ಮಾರಿದರು. ಒಂದು ಸೋಮವಾರ ಮಧ್ಯಾಹ್ನ ಅಲ್ಲಿಂದ ಹೊಸ ಮ್ಯಾನೇಜರ್ ಬಂದರು. ನಲವತ್ತರ ಆಸುಪಾಸಿನ ಮೆದುಮಾತಿನ ಮನುಷ್ಯ. ಎರಡನೆಯ ಕುರ್ಚಿಯನ್ನು ಎಳೆದುಕೊಂಡು ಕೂತರು. ಅಕ್ಕ ಅದರ ಹರಿದ ಕೈಹಿಡಿಕೆಯನ್ನೇ ನೋಡಿದರು.

"ನಿಮ್ಮಿಬ್ಬರ ಹನ್ನೊಂದು ವರ್ಷದ ದಾಖಲೆ ಪೂರ್ತಿ ಓದಿದೆ ಮೇಡಂ. ಕಾದಂಬರಿ ಓದಿದ ಹಾಗಾಯ್ತು."

ಅಕ್ಕ ಮೇಜಿನ ಮೇಲಿನ ಹಾಳೆಗಳನ್ನು ಜೋಡಿಸಿಟ್ಟರು.

"ಹೇಗೆ ಹೇಳೋದು ಅಂತ ತಿಳೀತಿಲ್ಲ. ಈ ಕೆಲಸಕ್ಕೆ ಒಬ್ಬರು ಸಾಕು, ಓದಿ ಒಪ್ಪೋ ಕೆಲಸ ನಮ್ಮಲ್ಲೇ ಆಗುತ್ತೆ ಅಂತಾರೆ ಮೇಲಿನವರು. ಇಬ್ಬರಲ್ಲಿ ಒಬ್ಬರು…" ಅವರು ಕೈಯಲ್ಲಿದ್ದ ಪೆನ್ನನ್ನು ತಿರುಗಿಸಿದರು. "ಡೆವ್ ಎರಡು ಹಿಡಿದ ತಪ್ಪುಗಳು ನಾನೂರಾ ಹದಿಮೂರು. ಅಷ್ಟೂ ನಿಮ್ಮವು. ತಪ್ಪು ತಿಳ್ಕೋಬೇಡಿ. ಅವರನ್ನ ಉಳಿಸಿಕೊಳ್ಳೋಣ ಅಂತಿದೀವಿ. ಇವತ್ತು ರಜಾನಾ ಅವರು?"

"ಅವರು ಬೆಳಿಗ್ಗೆ ಹೊತ್ತು ಮಾತ್ರ" ಎಂದರು ಅಕ್ಕ. ಬಾಯಿಂದ ಬಂದ ಮಾತು ಅಷ್ಟೇ.

"ಹಾಗಾದ್ರೆ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಬರ್ತೀನಿ. ಅವರಿಗೂ ಹೇಳಿರಿ."

ಮಂಗಳವಾರ, ಬುಧವಾರ ಅಕ್ಕ ಒಂದು ಸಾಲೂ ಬರೆಯಲಿಲ್ಲ. ನಿಜ ಹೇಳಿದರೆ, ಇನ್ನೊಬ್ಬರು ನೋಡಿದ್ದಾರೆ ಎಂದು ಆಸ್ಪತ್ರೆ ನಂಬಿದ ಹನ್ನೊಂದು ವರ್ಷ ಸುಳ್ಳಾಗುತ್ತದೆ. ಒಪ್ಪಂದ ಹೋಗಬಹುದು, ಕೆಲಸವಂತೂ ಹೋಗುತ್ತದೆ. ಐವತ್ತೆರಡನೆಯ ವಯಸ್ಸಿನಲ್ಲಿ ಬೇರೆ ಯಾವ ಮೇಜು? ಹೇಳದೆ, ಸೋಮವಾರ ನೀವು ನಮ್ಮಿಬ್ಬರನ್ನು ಅದಲುಬದಲು ಮಾಡಿಕೊಂಡಿರಿ, ನಾನು ತಿದ್ದಲಿಲ್ಲ, ಡೆವ್ ಎರಡು ನಾನೇ, ಒಂದನೆಯವರು ಬಿಟ್ಟು ಹೋದರು ಎಂದರೆ ಮೇಜು ಉಳಿಯುತ್ತದೆ. ಅಕ್ಕನನ್ನು ಈ ಊರಿನಲ್ಲಿ ಹೆಸರು ಹಿಡಿದು ಕರೆಯುವವರು ಎಷ್ಟು ಜನ ಇದ್ದರು, ಮ್ಯಾನೇಜರಿಗೆ ಬಂದು ಸಾಕ್ಷಿ ಹೇಳಲು?

ಗುರುವಾರ ತಾವಾಗಿಯೇ ತಂಗಿಗೆ ಫೋನು ಮಾಡಿದರು. ಒಬ್ಬರನ್ನು ತೆಗೆಯುತ್ತಾರಂತೆ, ತನ್ನನ್ನೇ ಅಂತೆ ಎಂದಷ್ಟೇ ಹೇಳಿದರು.

"ಆ ಕೋಪಿಷ್ಠರು ಇದಾರಲ್ಲ, ಅವರ ಕೈಯಲ್ಲಿ ನಿನ್ನ ಪರ ಒಂದು ಮಾತು ಹೇಳಿಸೇ" ಎಂದಳು ತಂಗಿ. "ಅಷ್ಟು ವರ್ಷ ಎದುರಾಬದುರಾ ಕೂತಿದೀರಿ. ಅಷ್ಟೂ ಮಾಡಲ್ವಾ?"

"ಮಾಡ್ತಾರೇನೋ" ಎಂದರು ಅಕ್ಕ.

ಶುಕ್ರವಾರ ಎಂಟೂವರೆಗೇ ಬಂದು ಎರಡೂ ಮೇಜನ್ನು ಒರೆಸಿದರು. ಎಲ್ಲಿ ಕೂರುವುದು ಎಂದು ತಿಳಿಯದೆ ಕಿಟಕಿಯ ಬಳಿ ನಿಂತರು. ಮ್ಯಾನೇಜರ್ ಹತ್ತಕ್ಕೆ ಐದು ನಿಮಿಷವಿರುವಾಗಲೇ ಬಂದರು.

"ಅವರು ಬರೋವರೆಗೂ ನಿಮ್ಮನ್ನೇ ಒಂದು ಮಾತು ಕೇಳ್ತೀನಿ ಮೇಡಂ. ನಂಗೆ ಈ ಟೋಕನ್ ವಿಷಯ ಹೊಸದು, ನಗಬಾರದು. ನೆನ್ನೆ ಆಸ್ಪತ್ರೆಗೆ ಹೋಗಿದ್ದೆ. ಬೋರ್ಡಲ್ಲಿ ಮೂರೇ ಅಂಕಿಗೆ ಜಾಗ ಇದೆ. ಒಂಬೈನೂರಾ ತೊಂಬತ್ತೊಂಬತ್ತು ಆದಮೇಲೆ ಏನು ಬರುತ್ತೆ?"

ಅಕ್ಕನಿಗೆ ನಗುವೇ ಬಂತು. "ಅಷ್ಟು ಆಗೋದೇ ಇಲ್ಲ ಸರ್. ದಿನಕ್ಕೆ ಆರುನೂರು ದಾಟಲ್ಲ."

"ಸೋಮವಾರದಿಂದ ಹೊಸ ಕಟ್ಟಡ ತೆರೀತಾರಲ್ಲ. ಮೂರು ವಿಭಾಗ ಸೇರಿಸಿ ಒಂದೇ ಸಾಲು ಮಾಡ್ತಾರಂತೆ. ಸಾವಿರದಿನ್ನೂರು ಜನ ಅಂದ್ರು. ನಿಮಗೆ ಪತ್ರ ಬಂದಿದೆ ಅಂದ್ರು."

ಬಂದಿತ್ತು. ಅಕ್ಕ ಅದನ್ನು ಎರಡು ಸಲ ಓದಿದ್ದರು, ಒಮ್ಮೆ ತಮ್ಮ ಕುರ್ಚಿಯಲ್ಲಿ, ಒಮ್ಮೆ ಎದುರಿನದರಲ್ಲಿ. ಎರಡು ಸಲವೂ ಅವರು ನೋಡಿದ್ದು ಹೊಸ ಹಾಲ್‌ಗೆ ಎಷ್ಟು ಬೋರ್ಡು ಬೇಕು ಎಂಬುದನ್ನು. ಈಗ ಕೂತು ಸಾವಿರ ಎಂದು ಒತ್ತಿ ನೋಡಿದರು. ಫೋನಿನಲ್ಲಿ ಸಾವಿರ ಎಂದು ಬಂತು. ಬೋರ್ಡಿಗೆ ಹೋಗುವ ಸಾಲಿನಲ್ಲಿ ಮೊದಲ ಅಂಕಿ ಉದುರಿ ಮೂರು ಸೊನ್ನೆ ಬಂದವು. ಹೀಗೇ ಬಿಟ್ಟಿದ್ದರೆ ಸೋಮವಾರ ಸಾವಿರದ ನಾಲ್ಕರವರು ತಮ್ಮ ಸಂಖ್ಯೆ ಬರಲೆಂದು ಸಂಜೆಯವರೆಗೂ ಬೆಂಚಿನ ಮೇಲೆ ಕಾಯುತ್ತಿದ್ದರು, ಅದು ಎಂದೂ ಬರುತ್ತಿರಲಿಲ್ಲ.

ಆರುನೂರು ದಾಟುವುದಿಲ್ಲ ಎಂಬುದು ಒಂದನೆಯವರಿಗೆ ಗೊತ್ತಿತ್ತು. ಅದಕ್ಕೇ ಎರಡನೆಯವರಿಗೂ ಗೊತ್ತಿತ್ತು. ನಾನೂರಾ ಹದಿಮೂರು ತಪ್ಪು ಹಿಡಿದ ಆ ಕಣ್ಣು, ತಾನು ಮೊದಲೇ ನಂಬಿದ್ದನ್ನು ಒಮ್ಮೆಯೂ ಪ್ರಶ್ನಿಸಿರಲಿಲ್ಲ.

ಗೋಡೆಯ ಗಡಿಯಾರದಲ್ಲಿ ಹತ್ತೂಕಾಲಾಯಿತು. "ಬರಲಿಲ್ಲವಲ್ಲ ಅವರು" ಎಂದರು ಮ್ಯಾನೇಜರ್.

"ಬರಲ್ಲ ಸರ್. ಅವರು ಇಲ್ಲ." ಅಕ್ಕ ಕೀಬೋರ್ಡನ್ನು ಎತ್ತಿ, ಹಳದಿ ತಿರುಗಿದ ಆ ಚೀಟಿಯನ್ನು ತೆಗೆದು ಮೇಜಿನ ಮೇಲಿಟ್ಟರು. "ಬೆಳಿಗ್ಗೆ ಅಲ್ಲಿ ಕೂರ್ತೀನಿ. ಮಧ್ಯಾಹ್ನ ಇಲ್ಲಿ."

ಮ್ಯಾನೇಜರ್ ಚೀಟಿಯನ್ನು ನೋಡಿದರು, ಕುರ್ಚಿಯನ್ನು ನೋಡಿದರು.

"ಹನ್ನೊಂದು ವರ್ಷ?"

"ಹ್ಞೂಂ."

"ಒಂದು ಸಲ ಇಬ್ಬರೂ ಜಗಳ ಆಡಿ ಎರಡು ದಿನ ಮಾತು ಬಿಟ್ಟಿದ್ರಲ್ಲ. ಅದೂ…?"

"ಅದು ನಿಜವಾದ ಜಗಳ ಸರ್. ಅವರ ಮಾತೇ ಸರಿ ಇತ್ತು. ಒಪ್ಪೋಕೆ ನಂಗೆ ಎರಡು ದಿನ ಬೇಕಾಯ್ತು."

ಅವರು ನಗಲಿಲ್ಲ. "ಇದನ್ನ ಮೇಲೆ ಹೇಳಲೇಬೇಕಾಗುತ್ತೆ ಮೇಡಂ."

"ಹೇಳಿ. ಅದಕ್ಕೆ ಮೊದಲು ಬನ್ನಿ, ಇದನ್ನ ಸರಿ ಮಾಡೋಣ. ನಾನು ಬರೀತೀನಿ, ನೀವು ಓದಿ. ಗೊತ್ತಿಲ್ಲದ್ದನ್ನೆಲ್ಲ ಕೇಳಿ."

ಅಂದು ಸಂಜೆಯವರೆಗೂ ಅವರು ಕೇಳಿದರು. ಮೂರು ವಿಭಾಗಕ್ಕೆ ಎ, ಬಿ, ಸಿ ಎಂದು ಒಂದೊಂದು ಅಕ್ಷರ ಕೊಟ್ಟು, ಸಂಖ್ಯೆಯನ್ನು ಎರಡೇ ಅಂಕಿಗೆ ಇಳಿಸಿ, ನೂರಾದಾಗ ಅಕ್ಷರ ಮುಂದಕ್ಕೆ ಹೋಗುವಂತೆ ಅಕ್ಕ ಬರೆದರು. "ಹಾಗಾದ್ರೆ ಎ ನೂರಾದಮೇಲೆ ಬಿ ಆಗಿಬಿಡುತ್ತಲ್ಲ, ಅದು ಬೇರೆ ವಿಭಾಗ ಅಲ್ವಾ?" ಎಂದರು ಮ್ಯಾನೇಜರ್. ಅಕ್ಕ ಅಳಿಸಿದರು. ಒಂದೇ ಸಾಲು ಎನ್ನುವುದನ್ನು ಬಿಡಿಸಲು ಆಸ್ಪತ್ರೆಗೆ ಫೋನು ಹೋಯಿತು. ವಿಭಾಗಕ್ಕೊಂದು ಬೋರ್ಡು, ಬೋರ್ಡಿಗೊಂದು ಸಾಲು ಎಂದಾಯಿತು. ಸೋಮವಾರ ಯಾರೂ ಬಾರದ ಸಂಖ್ಯೆಗೆ ಕಾಯಲಿಲ್ಲ.

ಮೇಲಿನವರು ಮೂರು ವಾರ ಯೋಚಿಸಿದರು. ಆಸ್ಪತ್ರೆಗೂ ವಿಷಯ ತಿಳಿಸಿದರು. ಆ ಪತ್ರವನ್ನು ಅಕ್ಕನ ಕೈಯಲ್ಲೇ ಬರೆಸಿದರು. ಕೊನೆಗೆ ಅವರ ಕೆಲಸ ಉಳಿಯಿತು. ಡೆವ್ ಎರಡರ ಖಾತೆಯನ್ನು ಮುಚ್ಚಿದರು. ಹಳೆಯ ಮಾತುಗಳ ಪಕ್ಕದಲ್ಲಿ ಈಗ 'ಈ ಬಳಕೆದಾರರು ಇಲ್ಲ' ಎಂದು ಬರುತ್ತಿತ್ತು.

ಹೊಸ ಓದುಗರು ಎಲ್ಲೋ ದೂರದ ಆಫೀಸಿನಲ್ಲಿದ್ದರು. ಅವರ ಮುಖವನ್ನು ಅಕ್ಕ ನೋಡಿರಲಿಲ್ಲ. ಅಕ್ಕ ಎರಡು ದಿನ ಕೂತು ಬರೆದದ್ದನ್ನು ಕಳಿಸಿದರೆ ಎರಡು ನಿಮಿಷದಲ್ಲಿ ಉತ್ತರ ಬರುತ್ತಿತ್ತು: "ಸರಿ." ಮರುದಿನ ಮತ್ತೆ "ಸರಿ." ಬೈಗುಳ ಇಲ್ಲ, ಹನುಮಂತನ ಬಾಲ ಇಲ್ಲ. ಅಕ್ಕ ಅಭ್ಯಾಸಬಲದಿಂದ ಬೆಳಿಗ್ಗೆ ಎರಡನೆಯ ಕುರ್ಚಿಯಲ್ಲೇ ಕೂರುತ್ತಿದ್ದರು. ಬರೆಯಲು ಖಾತೆ ಇಲ್ಲವಾದ್ದರಿಂದ ಮುದ್ರಿಸಿದ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿ, ಮಧ್ಯಾಹ್ನ ತಾವೇ ಓದಿ, ಮಡಿಸಿ ಡ್ರಾಯರಿಗೆ ಹಾಕುತ್ತಿದ್ದರು.

ಒಂದು ದಿನ ಕೋಡಿನ ನಡುವೆ ಒಂದು ಟಿಪ್ಪಣಿ ಸೇರಿಸಿದರು. "ಇಲ್ಲಿಯವರೆಗೆ ಓದಿದವರು ದಯವಿಟ್ಟು ಏನಾದರೂ ಒಂದು ಪ್ರಶ್ನೆ ಕೇಳಿ."

"ಸರಿ" ಎಂದು ಬಂತು.

ಟಿಪ್ಪಣಿಯನ್ನು ತೆಗೆಯದೆ ಹಾಗೇ ಬಿಟ್ಟರು. ಐದು ವಾರ "ಸರಿ" ಬಂತು. ಆರನೆಯ ವಾರ, ಗೋಡೆಯ ಮೇಲೆ ಬಿಸಿಲು ಬಿದ್ದ ಹೊತ್ತಿನಲ್ಲಿ, ಚಹಾದ ಲೋಟ ಕೈಯಲ್ಲಿರುವಾಗ, ಪರದೆಯ ಮೇಲೆ ಬೇರೊಂದು ಸಾಲು ಕಂಡಿತು.

"ನಾನು ಹೊಸದಾಗಿ ಸೇರಿದವಳು. ಕ್ಷಮಿಸಿ, ಇದು ಅರ್ಥ ಆಗಲಿಲ್ಲ. ಒಂದು ಟೋಕನ್ ಕರೆದು ಯಾರೂ ಕೈ ಎತ್ತದಿದ್ದರೆ, ಮುಂದಿನದನ್ನ ಕರೆಯೋಕೆ ಮುಂಚೆ ಆರು ಸೆಕೆಂಡು ಯಾಕೆ ಕಾಯಬೇಕು? ಯಾಕೆ ಆರು?"

ಆ ಸಾಲಿನ ಮೇಲೆ ಟಿಪ್ಪಣಿ ಇರಲಿಲ್ಲ. ಯಾಕೆ ಎಂದು ಬರೆಯಿರಿ ಎಂದು ಹನ್ನೊಂದು ವರ್ಷ ಬೈಯುತ್ತಿದ್ದವರು ಅದೊಂದನ್ನು ಬಿಟ್ಟಿದ್ದರು. ಇಬ್ಬರಿಗೂ ಗೊತ್ತಿತ್ತಲ್ಲ. ಹಳೆಯ ಹಾಲ್‌ನ ಮೂರನೆಯ ಬೆಂಚಿನಿಂದ ಊರುಗೋಲು ಹಿಡಿದು ಎದ್ದು ನಿಲ್ಲಲು ಒಬ್ಬ ಅಜ್ಜನಿಗೆ ಅಷ್ಟು ಹೊತ್ತು ಬೇಕಾಗಿತ್ತು. ಮುಂದಿನ ಸಂಖ್ಯೆ ಬೇಗ ಬಂದರೆ ತನ್ನ ಸರದಿ ಹೋಯಿತೆಂದು ಅಜ್ಜ ಮತ್ತೆ ಕೂತುಬಿಡುತ್ತಿದ್ದರು.

ಅಕ್ಕ ಇದಿಷ್ಟನ್ನೂ ಟೈಪ್ ಮಾಡಿದರು. ಕಳಿಸುವ ಮೊದಲು ಬೆರಳು ನಿಂತಿತು. ಹಾಲ್ ಈಗ ಹೊಸದು. ಅಳಿಸಿ, "ಇರಿ, ನೋಡಿಕೊಂಡು ಬಂದು ಹೇಳ್ತೀನಿ" ಎಂದಷ್ಟೇ ಬರೆದು ಚಪ್ಪಲಿ ಮೆಟ್ಟಿದರು.

"ಏನಕ್ಕ, ಬೋರ್ಡ್ ಕೆಟ್ಟಿದೆಯಾ?" ಎಂದಳು ಹೊಸ ಹಾಲ್‌ನ ನರ್ಸು, ಅವರನ್ನು ನೋಡಿದವಳೇ.

"ಇಲ್ಲ ಕಣಮ್ಮ. ಸುಮ್ನೆ ಕೂತು ನೋಡೋಕೆ ಬಂದೆ."

ಕೊನೆಯ ಬೆಂಚಿನ ತುದಿಯಲ್ಲಿ ಕೂತರು. ಪಕ್ಕದಲ್ಲಿದ್ದ ಮುದುಕಿಯ ಸಂಖ್ಯೆ ಬಂತು. ಅಕ್ಕ ಮನಸ್ಸಿನಲ್ಲೇ ಎಣಿಸಿದರು. ಚೀಲ ತೆಗೆದುಕೊಂಡು, ಬೆಂಚು ಹಿಡಿದು, ಎದ್ದು, ಕೈ ಎತ್ತಿ ಇದ್ದೇನೆ ಎಂದು ತೋರಿಸುವಷ್ಟರಲ್ಲಿ ಹನ್ನೊಂದು ಆಯಿತು. ಏಳರಲ್ಲೇ ಬೋರ್ಡು ಮುಂದಿನ ಸಂಖ್ಯೆಗೆ ಹೋಗಿತ್ತು. ಅಕ್ಕ ಎದ್ದು ಮುದುಕಿಯ ಪರವಾಗಿ ನರ್ಸಿನತ್ತ ಕೈ ಬೀಸಿದರು.

ಮತ್ತೆ ಕೂತು ಫೋನಿನಲ್ಲಿ ಬರೆದರು. "ಆರು ತಪ್ಪು. ಹನ್ನೆರಡು ಬೇಕು. ಯಾಕೆ ಅಂತ ಟಿಪ್ಪಣಿಯಲ್ಲಿ ಬರೀತೀನಿ. ನೀವು ಕೇಳದೇ ಇದ್ದಿದ್ದರೆ ನನಗೆ ಗೊತ್ತಾಗ್ತಿರಲಿಲ್ಲ." ಸ್ವಲ್ಪ ತಡೆದು, "ಇನ್ನೇನಾದರೂ ಇದೆಯಾ?" ಎಂದು ಸೇರಿಸಿ ಕಳಿಸಿದರು.

ಆಮೇಲೆ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು, ಸರದಿ ಹಿಡಿದು ಬಂದ ಎಲ್ಲರ ಹಾಗೆ, ಕಾದು ಕೂತರು.